ಕೌದಿ ಸಾಕು, ಸಾಲ ಬೇಡ

ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬಂದಳೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಲ್ಲಿ ಸಂಭ್ರಮದ ಜೊತೆಗೇ ಖರ್ಚಿನ ಚಿಂತೆ. ತಾಯಂದಿರೇ, ಕೂಸಿಗಾಗಿ ಸಾಲ ಮಾಡಬೇಡಿ. ಅಜ್ಜಿಯ ಹಳೇ ನೂಲಿನ ಸೀರೆ, ಅಪ್ಪನ ಸವೆದ ಧೋತರ ಹೊರಗೆ ತೆಗೆಯಿರಿ. ನೂರು ಸಲ ಒಗೆಸಿಕೊಂಡ ಆ ಬಟ್ಟೆಯಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗದು. ಧೋತರವನ್ನು ಚೌಕವಾಗಿ ಹರಿದು, ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಗರಿಗರಿ ಒಣಗಿಸಿದರೆ ಲಂಗೋಟಿ ತಯಾರು. ಸೀರೆಯಿಂದ ಕೌದಿ, ಕುಂಚಿಗೆ. ತೊಟ್ಟಿಲು ನೆಂಟರ ಮನೆಯದ್ದೇ ತನ್ನಿ, ಹಗ್ಗ ಮಾತ್ರ ಹೊಸದಿರಲಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಳಿಯಾಡುವ ಕೋಣೆ ಕೊಡಿ, ಬಾಗಿಲು ಮುಚ್ಚಿ ಹೊಗೆ ಹಾಕಬೇಡಿ. ಆರು ತಿಂಗಳು ಎದೆಹಾಲೇ ಸಾಕು. ಡಬ್ಬಿಹಾಲಿನ ದುಡ್ಡು ಬಾಣಂತಿಯ ರೊಟ್ಟಿ, ತೊಗರಿಬೇಳೆಗಿರಲಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ. ತಾಯಿ ಕಾರ್ಡ್ ಹಿಡಿದು ಇವತ್ತೇ ಅಂಗನವಾಡಿಗೆ ಹೋಗಿ ಬನ್ನಿ.