ಡ್ರಮ್ಮಿನ ತಳದಲ್ಲಿ ಉಳಿಯುವುದು

ಮುಂಗಾರು ಹಿಡಿದ ಮೇಲೆ ಹಾರನಹಳ್ಳಿ ಹೋಬಳಿಯ ಯಾವ ಬದುವಿನ ಮೇಲೆ ನಿಂತರೂ ಒಂದು ನೀಲಿ ಡ್ರಮ್ಮು ಕಣ್ಣಿಗೆ ಬೀಳುತ್ತದೆ. ಇತ್ತ ಹೊಗೆಸೊಪ್ಪು, ಅತ್ತ ಶುಂಠಿ, ನಡುವೆ ಬಾಳೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಗೆ ಹೋದರೂ ಡ್ರಮ್ಮಿಲ್ಲದೆ ಬೇಸಾಯವಿಲ್ಲ. ಕೆಲಸ ಮುಗಿದು ಡ್ರಮ್ಮು ಬಗ್ಗಿಸಿದಾಗ ತಳದಲ್ಲಿ ಒಂದು ಹಿಡಿ ಪುಡಿಯೋ ಕೆಸರೋ ಉಳಿದಿರುತ್ತದೆ. ಅದನ್ನು ಬದುವಿಗೆ ಚೆಲ್ಲಿ ಮನೆಗೆ ಹೋಗುತ್ತೇವೆ. ಆ ಹಿಡಿ ಪುಡಿ ದುಡ್ಡು ಕೊಟ್ಟು ತಂದದ್ದು, ಗಿಡಕ್ಕೆ ಸೇರಬೇಕಾಗಿದ್ದದ್ದು. ಅದೇಕೆ ಉಳಿಯಿತು ಎಂದು ತಿಳಿಯಬೇಕಾದರೆ ಕರಗುವುದೇ ಬೇರೆ, ಬೆರೆಯುವುದೇ ಬೇರೆ ಎಂಬುದನ್ನು ಮೊದಲು ಅರಿಯಬೇಕು.

ಯೂರಿಯಾವನ್ನೇ ನೋಡಿ. ಒಂದು ಬಕೆಟ್ ನೀರಿಗೆ ಸುರಿದು ಕೈಯಾಡಿಸಿದರೆ ಕಾಳು ಕಾಣದಂತೆ ಕರಗುತ್ತದೆ, ನೀರು ತಣ್ಣಗಾಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ನೀರಿನಿಂದಲೇ ಎಳೆದುಕೊಳ್ಳುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಒಂದು ಕಿಲೋಗಿಂತ ಹೆಚ್ಚು ಯೂರಿಯಾವನ್ನು ಕರಗಿಸಿಕೊಳ್ಳಬಲ್ಲದು. ಎಲ್ಲ ಗೊಬ್ಬರವೂ ಹೀಗಿರುವುದಿಲ್ಲ. ಅದೇ ಒಂದು ಲೀಟರ್ ನೀರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಸುಮಾರು 315 ಗ್ರಾಂ ಕರಗಿದರೆ, ನಾವು ಎಸ್‌ಒಪಿ ಎಂದು ಕರೆಯುವ ಸಲ್ಫೇಟ್ ಆಫ್ ಪೊಟ್ಯಾಷ್ ಕರಗುವುದು ಬರೀ 110 ಗ್ರಾಂನಷ್ಟು. ಅಷ್ಟು ಕರಗಿದ ಮೇಲೆ ನೀರಿಗೆ ಹೊಟ್ಟೆ ತುಂಬಿತು. ಇನ್ನೆಷ್ಟು ಕಲಕಿದರೂ ಮಿಕ್ಕದ್ದು ತಳ ಸೇರುತ್ತದೆ. ಹೀಗೆ ಹೊಟ್ಟೆ ತುಂಬಿದ ನೀರಿಗೆ ಪರ್ಯಾಪ್ತ ದ್ರಾವಣ ಎನ್ನುತ್ತಾರೆ.

ಈಗ ಲೆಕ್ಕ ಹಾಕಿ. 200 ಲೀಟರ್ ಡ್ರಮ್ಮಿಗೆ 50 ಕಿಲೋ ಎಸ್‌ಒಪಿ ಮೂಟೆಯನ್ನು ಸುರಿದರೆ, ಎಷ್ಟು ಕಲಕಿದರೂ ಕರಗುವುದು 22 ಕಿಲೋ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಮೂಟೆ ತಳದಲ್ಲೇ ಕೂರುತ್ತದೆ, ಇಲ್ಲವೇ ಪೈಪಿಗೆ ಇಳಿದು ಡ್ರಿಪ್ಪಿನ ಕಣ್ಣು ಮುಚ್ಚುತ್ತದೆ. ಅಷ್ಟೂ ಕೂಡ ನಿಧಾನವಾಗಿ ಕರಗುವ ಉಪ್ಪು ಇದು. ಆದ್ದರಿಂದ ಒಂದು ಡ್ರಮ್ಮಿಗೆ ಹತ್ತು ಕಿಲೋ ಮೀರದಂತೆ ಹಾಕಿ, ಹಿಂದಿನ ರಾತ್ರಿಯೇ ನೆನೆಸಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಬಿಡುವುದು ಒಳ್ಳೆಯದು. ಮಳೆಗಾಲದ ಚಳಿ ಬೆಳಗಿನಲ್ಲಿ ನೀರು ತಣ್ಣಗಿರುವಾಗ ಹೆಚ್ಚಿನ ಗೊಬ್ಬರಗಳು ಇನ್ನೂ ಕಡಿಮೆ ಕರಗುತ್ತವೆ ಎಂಬುದೂ ಲೆಕ್ಕದಲ್ಲಿರಲಿ.

ಇಲ್ಲಿ ಕೆಲವರು ಕೇಳುವ ಮಾತಿದೆ: ಎಂಒಪಿ, ಅಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಎಸ್‌ಒಪಿಯ ಮೂರು ಪಟ್ಟು ಕರಗುತ್ತದಲ್ಲ, ಬೆಲೆಯೂ ಕಡಿಮೆ ತಾನೆ? ಎರಡೂ ನಿಜ. ಲೀಟರಿಗೆ 340 ಗ್ರಾಂ ಕರಗುತ್ತದೆ. ಆದರೆ ಕರಗಿದ ಮೇಲೆ ಅದರಿಂದ ಪೊಟ್ಯಾಷ್ ಒಂದೇ ಬಿಡುಗಡೆಯಾಗುವುದಿಲ್ಲ, ಕ್ಲೋರೈಡೂ ನೀರಿಗೆ ಬರುತ್ತದೆ. ಹೊಗೆಸೊಪ್ಪಿನ ಗಿಡ ಕ್ಲೋರೈಡನ್ನು ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಅಂಥ ಎಲೆ ತೇವ ಹೀರುತ್ತದೆ, ಸರಿಯಾಗಿ ಉರಿಯುವುದಿಲ್ಲ, ಹರಾಜಿನಲ್ಲಿ ದರ್ಜೆ ಕಳೆದುಕೊಳ್ಳುತ್ತದೆ. ತಂಬಾಕು ಬೆಳೆಗಾರರಿಗೆ ಎಸ್‌ಒಪಿಯನ್ನೇ ಹೇಳುವುದು ಇದಕ್ಕೆ. ಚೆನ್ನಾಗಿ ಕರಗುತ್ತದೆ ಎಂಬ ಒಂದೇ ಗುಣ ನೋಡಿ ಗೊಬ್ಬರ ಆರಿಸಬಾರದು.

ಇನ್ನೊಂದು ತೊಂದರೆ ಶುಂಠಿ, ಬಾಳೆಗೆ ಡ್ರಿಪ್ಪಿನಲ್ಲಿ ಗೊಬ್ಬರ ಕೊಡುವವರದ್ದು. ಕ್ಯಾಲ್ಸಿಯಂ ನೈಟ್ರೇಟ್ ಬೆಣ್ಣೆಯಂತೆ ಕರಗುತ್ತದೆ, ಎಸ್‌ಒಪಿಯೂ ಮಿತಿಯೊಳಗೆ ಕರಗುತ್ತದೆ. ಗಟ್ಟಿ ದ್ರಾವಣ ಮಾಡಿ ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿದರೆ ತಿಳಿ ನೀರು ಹಾಲಾಗುತ್ತದೆ. ಒಂದರ ಕ್ಯಾಲ್ಸಿಯಂ, ಇನ್ನೊಂದರ ಸಲ್ಫೇಟು ಕೈಹಿಡಿದು ಜಿಪ್ಸಂ ಆಗಿಬಿಡುತ್ತವೆ. ಜಿಪ್ಸಂ ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಕರಗುವುದಿಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟ್ ಗೊಬ್ಬರವಾದ 12-61-0ರ ಜೊತೆ ಸೇರಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಕೂರುತ್ತದೆ. ಎರಡು ಒಳ್ಳೆಯ ಗೊಬ್ಬರ ಸೇರಿ ಪೈಪಿನೊಳಗೆ ಸುಣ್ಣದ ಗಾರೆಯಾಯಿತು. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ದಿನ, ಒಂಟಿಯಾಗಿಯೇ ಬಿಡಿ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟಿಸುವ ಗಡಸು ನೀರಿನ ಬೋರ್‌ವೆಲ್ ನಿಮ್ಮದಾಗಿದ್ದರೆ ನೀರಿನಲ್ಲೇ ಕ್ಯಾಲ್ಸಿಯಂ ಇದೆ ಎಂದು ತಿಳಿಯಿರಿ. ಅನುಮಾನವಿದ್ದಾಗ ಗಾಜಿನ ಬಾಟಲಿಯಲ್ಲಿ ಅದೇ ನೀರು, ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿ. ಕದಡಿದರೆ ಡ್ರಮ್ಮಿಗೆ ಹಾಕಬೇಡಿ.

ಪ್ರಮಾಣದ ಮಾತು. ಶೇಕಡಾ 1 ಎಂದರೆ ಲೀಟರಿಗೆ 10 ಗ್ರಾಂ, ನೂರು ಲೀಟರಿಗೆ ಒಂದು ಕಿಲೋ. ಶೇಕಡಾ 2ರ ಯೂರಿಯಾ ಸಿಂಪರಣೆಗೆ 16 ಲೀಟರ್ ಕ್ಯಾನಿಗೆ 320 ಗ್ರಾಂ. ಲೀಟರಿಗೆ 3 ಗ್ರಾಂ ಎಂದು ಶಿಫಾರಸು ಇದ್ದರೆ ಅದೇ ಕ್ಯಾನಿಗೆ 48 ಗ್ರಾಂ, 200 ಲೀಟರ್ ಡ್ರಮ್ಮಿಗೆ 600 ಗ್ರಾಂ. ಇಷ್ಟೇ ಲೆಕ್ಕ. ತಪ್ಪುವುದು ಲೆಕ್ಕದಲ್ಲಲ್ಲ, ಅಳತೆಯಲ್ಲಿ. ಬಾಟಲಿಯ ಮುಚ್ಚಳ ಕಂಪನಿಗೊಂದು ಗಾತ್ರ, ಮುಷ್ಟಿ ಆಳಿಗೊಂದು ಗಾತ್ರ. ಎಕರೆಗೆ ಸಾವಿರಾರು ರೂಪಾಯಿ ಔಷಧಿಗೆ ಸುರಿಯುವ ನಾವು ಒಂದು ಚಿಕ್ಕ ತಕ್ಕಡಿ, ಒಂದು ಅಳತೆ ಲೋಟ ಕೊಳ್ಳಲು ಹಿಂದೆ ನೋಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೆಲವು ಪುಡಿಗಳು ಎಷ್ಟು ನೀರು ಹಾಕಿದರೂ ಕರಗುವುದೇ ಇಲ್ಲ. ಶುಂಠಿ ಬಿತ್ತನೆ ಗೆಡ್ಡೆಯನ್ನು ಅರ್ಧ ಗಂಟೆ ಅದ್ದಿಡುವ ಮ್ಯಾಂಕೋಜೆಬ್, ಬುಡಕ್ಕೆ ಹೊಯ್ಯುವ ಕಾಪರ್ ಆಕ್ಸಿಕ್ಲೋರೈಡ್ ಇಂಥವು. ಇವು ನೀರಿನಲ್ಲಿ ತೇಲುವ ನುಣುಪು ಕಣಗಳು. ಮೊದಲು ಚೊಂಬು ನೀರಿನಲ್ಲಿ ಗಂಜಿಯಂತೆ ಕಲಸಿ, ಆಮೇಲೆ ಡ್ರಮ್ಮಿಗೆ ಹಾಕಬೇಕು. ಹಾಗೇ ಬಿಟ್ಟರೆ ಹತ್ತಾರು ನಿಮಿಷದಲ್ಲಿ ಕೆಳಗಿಳಿಯುತ್ತವೆ. ಆಗ ಮೇಲಿನಿಂದ ಮೊಗೆದ ಮೊದಲ ಕ್ಯಾನುಗಳಲ್ಲಿ ಬರೀ ನೀರು, ಕೊನೆಯ ಕ್ಯಾನಿನಲ್ಲಿ ಎಲೆ ಸುಡುವಷ್ಟು ಔಷಧಿ. ಹೊಲದ ಒಂದು ಮೂಲೆಯಲ್ಲಿ ರೋಗ ಬಿಡಲಿಲ್ಲ, ಇನ್ನೊಂದು ಮೂಲೆಯಲ್ಲಿ ಎಲೆ ಸುಟ್ಟಿತು ಎಂದಾಗ ಅಂಗಡಿಯವನನ್ನು ಬಯ್ಯುವ ಮೊದಲು ಕೋಲು ಹಿಡಿದು ಕಲಕುತ್ತಿದ್ದವರು ಯಾರು ಎಂದು ಕೇಳಿಕೊಳ್ಳಬೇಕು. ಪ್ರತಿ ಕ್ಯಾನು ತುಂಬುವ ಮುನ್ನವೂ ಕಲಕಲೇಬೇಕು.

ಕರಗದಿರುವುದೇ ಗುಣವಾದ ಔಷಧಿಯೂ ಇದೆ, ಅದು ಬೋರ್ಡೋ. ದ್ರಾವಣ ಎಂದು ಹೆಸರಿದ್ದರೂ ಅದು ದ್ರಾವಣವಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೊಡೆಯಲು ಕಲಿಸಿದವರು 1908ರಲ್ಲಿ ಇಲ್ಲಿನ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಬಿಡದೆ ಸುರಿಯುವ ಮಳೆಯಲ್ಲೂ ಅದು ನಿಂತಿತು. ಮೈಲುತುತ್ತ ಒಂದನ್ನೇ ನೀರಿಗೆ ಹಾಕಿ ಹೊಡೆದರೆ ಕರಗಿದ ತಾಮ್ರ ಎಲೆಯನ್ನು ಸುಡುತ್ತದೆ, ಮಿಕ್ಕದ್ದು ಮಳೆಗೆ ತೊಳೆದುಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಕಣವಾಗಿ ಎಲೆಗೆ ಅಂಟಿಕೊಂಡು, ರೋಗದ ಬೀಜಾಣು ಮೊಳೆಯುವ ಕಡೆ ಚೂರುಚೂರೇ ತಾಮ್ರ ಬಿಡುತ್ತದೆ.

ಶುಂಠಿಯ ಎಲೆಚುಕ್ಕೆ ರೋಗಕ್ಕೆ ಶೇಕಡಾ 1ರ ಬೋರ್ಡೋ ಮಾಡುವ ಬಗೆ ಹೀಗೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಹರಳನ್ನು ತಳಕ್ಕೆ ಹಾಕಿದರೆ ಗಂಟೆಗಟ್ಟಲೆ ಕಾಯಬೇಕು, ಏಕೆಂದರೆ ಹರಳಿನ ಸುತ್ತಲಿನ ನೀರು ಗಟ್ಟಿ ದ್ರಾವಣವಾಗಿ ಅಲ್ಲೇ ಕೂರುತ್ತದೆ. ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಕರಗಿದ ಭಾರದ ನೀರು ಕೆಳಗಿಳಿಯುತ್ತದೆ, ಹೊಸ ನೀರು ಹರಳಿಗೆ ಬರುತ್ತದೆ. ಬೇರೆ ಡ್ರಮ್ಮಿನಲ್ಲಿ ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, ಆರಿದ ಮೇಲೆ ಸೋಸಿ 50 ಲೀಟರ್ ಮಾಡಿ. ಸುಣ್ಣ ಲೀಟರಿಗೆ ಎರಡು ಗ್ರಾಂ ಕೂಡ ಕರಗದು, ಬಿಸಿನೀರಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಅದು ಹಾಲಿನಂತಿದ್ದರೆ ಗಾಬರಿ ಬೇಡ, ಕಲಕುತ್ತಿರಿ. ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಲ್ಲಿ ಹೊಯ್ಯಬೇಕು. ತಿರುವುಮುರುವಾದರೆ ಕಣ ದಪ್ಪವಾಗಿ ಬೇಗ ಕೆಳಗೆ ಕೂರುತ್ತದೆ, ಎಲೆಗೆ ಹಿಡಿಯುವುದಿಲ್ಲ.

ಬಹಳ ದಿನ ಗಾಳಿಗಿಟ್ಟ ಸುಣ್ಣ ಶಕ್ತಿ ಕಳೆದುಕೊಂಡಿರುತ್ತದೆ, ತೂಕ ಸರಿಯಿದ್ದರೂ ಸಾಲದಾಗುತ್ತದೆ. ಅದಕ್ಕೇ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಕರಗಿದ ತಾಮ್ರ ಇನ್ನೂ ಇದೆ ಎಂದರ್ಥ. ಸ್ವಲ್ಪ ಸ್ವಲ್ಪವೇ ಸುಣ್ಣದ ಹಾಲು ಸೇರಿಸುತ್ತ ಮತ್ತೆ ಅದ್ದಿ. ಅಲಗು ಇದ್ದ ಹಾಗೇ ಹೊರಬಂದರೆ ಕ್ಯಾನು ತುಂಬಬಹುದು. ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸಿ, ತಾಮ್ರ ಮೀನಿಗೆ ವಿಷವಾದ್ದರಿಂದ ಕ್ಯಾನನ್ನು ಕೆರೆಯಲ್ಲೋ ಹೊಳೆಯಲ್ಲೋ ತೊಳೆಯದೆ, ಹೊಲದಲ್ಲೇ ತೊಳೆದು ಆ ನೀರನ್ನು ಬೆಳೆಯ ಮೇಲೇ ಹೊಡೆದುಬಿಡಿ.