ಪ್ರೊಫೈಲಲ್ಲಿ ಇರುವವರೇ ಬಸ್ಸಿಂದ ಇಳಿಯಬೇಕು

ಶುಕ್ರವಾರ ಲ್ಯಾಬ್ ಮುಗಿಸಿ ಒಂದೇ ಬಸ್ಸಲ್ಲಿ ಊರಿಗೆ ಹೋಗುವವರು ನಾವು ಮೂವರು. ಒಬ್ಬ ಕುಂದಾಪುರದವ, ಒಬ್ಬ ಬೈಂದೂರಿನವ, ಒಬ್ಬಳು ಬ್ರಹ್ಮಾವರದವಳು. ಮೂವರೂ ಇಂಗ್ಲಿಷ್ ಮೀಡಿಯಮ್, ಹಾಗಾಗಿ ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಬಸ್ಸಲ್ಲಿ ನಾವು ಜಾಸ್ತಿ ಮಾತಾಡುವ ಸಬ್ಜೆಕ್ಟ್ ಸಿಲೆಬಸ್ಸಲ್ಲಿ ಇಲ್ಲ: ಡೇಟಿಂಗ್ ಆ್ಯಪಲ್ಲಿ ನಮ್ಮ ಬಗ್ಗೆ ಎಂತ ಬರೀಬೇಕು? ಯಾರೂ ಕಲಿಸ್ಲಿಲ್ಲ. ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಹೇಳ್ತಿದ್ದೇವೆ.

ಮೊದಲು ನಮ್ಮೂರಿನ ಲೆಕ್ಕ

ಆ್ಯಪಲ್ಲಿ ದೂರ ಸೆಟ್ ಮಾಡ್ಲಿಕ್ಕೆ ಇರ್ತದೆ. ಕುಂದಾಪುರದಲ್ಲಿ ಕೂತು 20 ಕಿಲೋಮೀಟರ್ ಅಂತ ಇಟ್ರೆ ವೃತ್ತದ ವಿಸ್ತೀರ್ಣ ಸುಮಾರು 1,256 ಚದರ ಕಿಲೋಮೀಟರ್. ಅದರಲ್ಲಿ ಹತ್ತತ್ರ ಅರ್ಧ ಅರಬ್ಬೀ ಸಮುದ್ರ! ಬೂತಾಯಿಗೆ ಪ್ರೊಫೈಲ್ ಇಲ್ಲ. ಉಳಿದ ಅರ್ಧದಲ್ಲಿ ಇರುವವರು ನಮ್ಮ ಶಾಲೆಯವರು, ಅಕ್ಕನ ಫ್ರೆಂಡ್, ಇಲ್ಲದಿದ್ರೆ ದೂರದ ಸಂಬಂಧದವರು. ಬೆಂಗಳೂರಲ್ಲಿ ಸುಳ್ಳು ಒಂದು ತಿಂಗಳು ಬದುಕಬಹುದು. ಇಲ್ಲಿ ಒಂದು ಜಾತ್ರೆ ದಾಟುವುದಿಲ್ಲ.

ನಮ್ಮಲ್ಲಿ ಒಬ್ಬನ ಕಥೆ

ನಮ್ಮ ಕುಂದಾಪುರದವನ ಎತ್ತರ 5 ಅಡಿ 6 ಇಂಚು. ಪ್ರೊಫೈಲಲ್ಲಿ 5 ಅಡಿ 9 ಅಂತ ಹಾಕಿದ. ಹವ್ಯಾಸ ಟ್ರೆಕ್ಕಿಂಗ್ ಅಂತಲೂ ಬರೆದ. ಒಂದು ಮ್ಯಾಚ್ ಆಯ್ತು, ಹದಿನೈದು ದಿನ ಚೆಂದ ಮಾತಾಡಿದ್ರು, ಕೋಡಿ ಬೀಚಲ್ಲಿ ಭೇಟಿ. ಅವಳು ಟ್ರೆಕ್ಕಿಂಗ್ ಬಗ್ಗೆ ಕೇಳಿದ್ಲು. ಇವ ಕೊಡಚಾದ್ರಿ ಅಂದ. "ಯಾವ ದಾರಿಯಲ್ಲಿ ಹತ್ತಿದ್ದು?" ಇವ ಹೋದದ್ದು ಜೀಪಲ್ಲಿ. ಹೇಳ್ಬೇಕಾಯ್ತು. ಅವಳು ಸಿಟ್ಟು ಮಾಡ್ಲಿಲ್ಲ. "ಎತ್ತರ ನನಗೆ ಮ್ಯಾಟರೇ ಅಲ್ಲ. ಆದ್ರೆ ಈಗ ನೀನು ಹೇಳಿದ ಬಾಕಿ ಎಲ್ಲ ನಾನು ಇನ್ನೊಮ್ಮೆ ಚೆಕ್ ಮಾಡ್ಬೇಕಾಗ್ತದೆ ಅಲ್ವಾ?" ಅಂದ್ಲು. ಅಷ್ಟೆ. ಮತ್ತೆ ಮೆಸೇಜ್ ಇಲ್ಲ.

ಆ ಹದಿನೈದು ದಿನ ಇವ ಹೇಳಿದ್ದರಲ್ಲಿ ಜಾಸ್ತಿ ಭಾಗ ನಿಜವೇ ಇತ್ತು. ಅಪ್ಪನ ಆಪರೇಷನ್, ಮೊದಲ ಸೆಮ್‌ನ ಬ್ಯಾಕ್‌ಲಾಗ್, ಎಲ್ಲವೂ. ಲ್ಯಾಬಲ್ಲಿ ಸೆನ್ಸರ್ ಒಂದು ರೀಡಿಂಗ್ ತಪ್ಪು ಕೊಟ್ರೆ ನಾವು ಇಡೀ ಟೇಬಲನ್ನೇ ನಂಬುವುದಿಲ್ಲ. ಹಾಗೆಯೇ ಮೂರು ಇಂಚಿಗೋಸ್ಕರ ಅವನ ನಿಜವೂ ಹೋಯ್ತು.

ಇದು ಅವನೊಬ್ಬನ ರೋಗ ಅಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನ್ಯೂಯಾರ್ಕಿನ 80 ಜನರ ಎತ್ತರ, ತೂಕ ಅಳೆದು, ವಯಸ್ಸು ನೋಡಿ, ಪ್ರೊಫೈಲ್ ಜೊತೆ ಹೋಲಿಸಿದ್ರು. ಹತ್ತರಲ್ಲಿ ಎಂಟು ಜನ ಒಂದಾದರೂ ವಿಷಯದಲ್ಲಿ ಸುಳ್ಳು ಹೇಳಿದ್ರು. ಗಂಡಸರು ಎತ್ತರ ಏರಿಸಿದ್ರು, ಹೆಂಗಸರು ತೂಕ ಇಳಿಸಿದ್ರು. ಹೆಚ್ಚಿನವು ಸಣ್ಣ ಸಣ್ಣ ಸುಳ್ಳೇ.

ಹಾಗಾದ್ರೆ ಬರೆಯುವುದು ಹೇಗೆ?

ಒಂದು: ವಿಶೇಷಣ ಬೇಡ, ಘಟನೆ ಬರೀರಿ. ಟಿಂಡರಲ್ಲಿ ಬಯೋಗೆ 500 ಅಕ್ಷರ, ಹಿಂಜಲ್ಲಿ ಒಂದೊಂದು ಉತ್ತರಕ್ಕೆ 150. ಜಾಗ ಕಮ್ಮಿ. ಅವನ ಹಳೆ ಬಯೋ ಹೀಗಿತ್ತು: "ಪ್ರವಾಸ, ಮ್ಯೂಸಿಕ್, ಫುಡ್ ಲವರ್. ವೈಬ್ ಮ್ಯಾಚ್ ಆದ್ರೆ ಮಾತಾಡುವ." ಇದನ್ನು ಯಾರು ಬೇಕಾದರೂ ಬರೀಬಹುದು. ಬಸ್ಸಲ್ಲಿ ಮೂವರೂ ಸೇರಿ ತಿದ್ದಿದ್ದು ಹೀಗೆ: "ಕುಂದಾಪುರ. ಸೆಕೆಂಡ್ ಇಯರ್ ಮೆಕ್ಯಾನಿಕಲ್. 5 ಅಡಿ 6. ಕೊಡಚಾದ್ರಿ ಹತ್ತಿದ್ದೇನೆ, ಜೀಪಲ್ಲಿ. ಯಕ್ಷಗಾನಕ್ಕೆ ಹೋಗಿ ನಡುರಾತ್ರಿ ನಿದ್ದೆ ಮಾಡ್ತೇನೆ, ಚೆಂಡೆಗೆ ಏಳ್ತೇನೆ. ಕೋಳಿ ಸಾರಿಗೆ ರೊಟ್ಟಿ ಗರಿಗರಿ ಇರಬೇಕಾ, ನೆನೆದು ಮೆತ್ತಗಾಗಬೇಕಾ?"

ಎರಡು: ಕೊನೆಗೆ ಒಂದು ಪ್ರಶ್ನೆ ಬಿಡಿ. ಬರೀ 'ಹಾಯ್'ಗೆ ಉತ್ತರ ಕೊಡುವುದು ಕಷ್ಟ, ರೊಟ್ಟಿ ಬಗ್ಗೆ ಜಗಳ ಮಾಡ್ಲಿಕ್ಕೆ ಸುಲಭ.

ಮೂರು: ಮೊದಲ ಫೋಟೋದಲ್ಲಿ ನೀವೊಬ್ಬರೇ, ಮುಖ ಕಾಣುವ ಹಾಗೆ, ಈ ವರ್ಷದ್ದು. ಐದು ಜನರ ಗ್ರೂಪ್ ಫೋಟೋ ಹಾಕಿದ್ರೆ ನೋಡುವವರು ಅದರಲ್ಲಿ ಚಂದ ಇರುವವನೇ ನೀವು ಅಂದ್ಕೊಳ್ತಾರೆ. ಆಮೇಲೆ ನಿಮಗೇ ಬೇಜಾರು.

ನಾಲ್ಕು: ಎಂತ ಬೇಕು ಅಂತ ಹೇಳಿ. ಫ್ರೆಂಡ್‌ಶಿಪ್ಪಾ, ಸೀರಿಯಸ್ಸಾ, ಇನ್ನೂ ಗೊತ್ತಿಲ್ಲವಾ? 'ಗೊತ್ತಿಲ್ಲ' ಕೂಡ ಪ್ರಾಮಾಣಿಕ ಉತ್ತರ.

ಐದು: ನಿಮ್ಮ ಭಾಷೆಯಲ್ಲಿ ಒಂದು ಸಾಲಾದರೂ ಇರಲಿ. ನಮ್ಮ ಬೈಂದೂರಿನವ ಎಐ ಹತ್ರ ಬಯೋ ಬರೆಸಿದ. ಹೊಳೆಯುವ ಇಂಗ್ಲಿಷ್. ಆದ್ರೆ ಚಾಟಲ್ಲಿ ಇವ "ಎಂತ ಮಾಡ್ತಿದ್ರಿ" ಅಂದಾಗ ಎದುರಿನವಳಿಗೆ ಬೇರೆ ಯಾರೋ ಮಾತಾಡಿದ ಹಾಗೆ ಆಯ್ತು. ಈಗ ಅವನ ಬಯೋ "ಹ್ವಾಯ್" ಅಂತ ಶುರುವಾಗ್ತದೆ. ಹತ್ತು ವರ್ಷ ಶಾಲೆಯಲ್ಲಿ ಕುಂದಾಪ್ರ ಕನ್ನಡ ಅಡಗಿಸಿಟ್ಟವರು ನಾವು. ಇಷ್ಟಪಡುವವರ ಹತ್ರವೂ ಅಡಗಿಸ್ಬೇಕಾ?

ಅಡಗಿಸುವುದು ಬೇರೆ, ಸುಳ್ಳು ಬೇರೆ

ಇಲ್ಲಿಯ ತನಕ ಓದಿದ ಬ್ರಹ್ಮಾವರದವಳು ನಮ್ಮನ್ನು ನಿಲ್ಲಿಸಿದ್ಲು. "ನಿಮ್ಮ ಪ್ರೊಫೈಲ್ ಸ್ಕ್ರೀನ್‌ಶಾಟ್ ಆದ್ರೆ ಫ್ರೆಂಡ್ಸ್ ನಗ್ತಾರೆ. ನನ್ನದು ಆದ್ರೆ ಫ್ಯಾಮಿಲಿ ಗ್ರೂಪಿಗೆ ಹೋಗ್ತದೆ, ಮರುದಿನ ಫೋನ್ ಅಮ್ಮನ ಕೈಯಲ್ಲಿ." ಅವಳ ಪ್ರೊಫೈಲಲ್ಲಿ ಹೆಸರಿನ ಮೊದಲ ಅಕ್ಷರ ಮಾತ್ರ ಉಂಟು. ಕಾಲೇಜಿನ ಹೆಸರು ಇಲ್ಲ. ಫೋಟೋ ಒಂದು ಬದಿಯಿಂದ ತೆಗೆದದ್ದು. ಅದು ಸುಳ್ಳಾ? ನಾವು ಎರಡು ಸ್ಟಾಪ್ ತನಕ ಚರ್ಚೆ ಮಾಡಿದೆವು. ಅಲ್ಲ. ಅವಳು ಹೇಳದೆ ಇಟ್ಟದ್ದು ಉಂಟು, ತಪ್ಪು ಹೇಳಿದ್ದು ಒಂದೂ ಇಲ್ಲ. ನಂಬಿಕೆ ಬಂದ ಮೇಲೆ ಅವಳು ಸೇರಿಸಬೇಕು ಅಷ್ಟೆ, ತಿದ್ದಬೇಕಾಗಿಲ್ಲ.

ಹಾಗಾಗಿ ಮನೆ ವಿಳಾಸ, ಐಡಿ ಕಾರ್ಡ್ ಕಾಣುವ ಫೋಟೋ, ದಿನಾ ಹತ್ತುವ ಬಸ್ಸಿನ ಟೈಮ್ ಯಾರೂ ಹಾಕ್ಬೇಡಿ. ಮೊದಲ ಭೇಟಿ ಜನ ಇರುವ ಜಾಗದಲ್ಲಿ, ಹಗಲು ಹೊತ್ತಲ್ಲಿ, ಒಬ್ಬ ಫ್ರೆಂಡಿಗಾದರೂ ಹೇಳಿ. ಮತ್ತೆ ಹುಡುಗರೇ, ಬೇರೆಯವರ ಪ್ರೊಫೈಲ್ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವುದು ಜೋಕ್ ಅಲ್ಲ. ಹುಡುಗಿಯರು ನಿಜ ಹೇಳ್ಬೇಕಾದ್ರೆ ಮೊದಲು ನಾವು ಅದನ್ನು ನಿಲ್ಲಿಸ್ಬೇಕು.

ನಮ್ಮ ಅಜ್ಜ ಅಜ್ಜಿಯ ಕಾಲದಲ್ಲಿ ಸಂಬಂಧ ಬಂದ್ರೆ ಮಾವನೋ ದೊಡ್ಡಪ್ಪನೋ ಹೋಗಿ ವಿಚಾರಿಸಿ ಬರ್ತಿದ್ರು. ಆ್ಯಪಲ್ಲಿ ವಿಚಾರಿಸುವವರು ಯಾರೂ ಇಲ್ಲ. ನಮ್ಮ ಬಗ್ಗೆ ವಿಚಾರಿಸಿ ಬಂದು ಸರಿಯಾಗಿ ಹೇಳುವ ದೊಡ್ಡಪ್ಪ ನಾವೇ ಆಗ್ಬೇಕು.

ಕುಂದಾಪುರದವನ ಹೊಸ ಪ್ರೊಫೈಲಿಗೆ ಹಳೆಯದಕ್ಕಿಂತ ಕಮ್ಮಿ ಲೈಕ್. ಒಂದು ತಿಂಗಳಲ್ಲಿ ಎರಡೇ ಮ್ಯಾಚ್. ಒಬ್ಬಳು ರೊಟ್ಟಿ ಗರಿಗರಿಯೇ ಇರಬೇಕು ಅಂತ ವಾದ ಮಾಡ್ತಿದ್ದಾಳೆ, ವಾದ ಇನ್ನೂ ಮುಗೀಲಿಲ್ಲ. ಬರುವ ಶನಿವಾರ ಭೇಟಿಯಂತೆ. ಶಾಸ್ತ್ರಿ ಸರ್ಕಲಲ್ಲಿ ಬಸ್ಸಿಂದ ಇಳಿಯುವಾಗ ಎತ್ತರದ ಚಪ್ಪಲಿ ಹಾಕ್ಬೇಕಾ ಅಂತ ಈ ಸಲ ಅವ ಕೇಳ್ಲಿಲ್ಲ.