ಲೆಕ್ಕವೂ ಹೆಣ್ಣುಮಕ್ಕಳೂ

“ಲೆಕ್ಕ ಹೆಣ್ಣುಮಕ್ಕಳ ತಲೆಗೆ ಹತ್ತುವುದಿಲ್ಲ” ಎಂಬ ಮಾತನ್ನು ಕೇಳದೆ ಬೆಳೆದ ವಿದ್ಯಾರ್ಥಿನಿಯರು ನಮ್ಮಲ್ಲಿ ವಿರಳ. ಈ ಮಾತಿನಲ್ಲಿ ಸತ್ಯಾಂಶವೆಷ್ಟು, ತಂದೆತಾಯಿಗಳೇ ಇದನ್ನು ನಂಬಿದರೆ ಮಗುವಿನ ಕಲಿಕೆ ಏನಾಗುತ್ತದೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಅದು ದೈವದತ್ತ ಶಕ್ತಿ ಎನ್ನಬಹುದು. ಹಾಗಾದರೆ 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರನ್ನು ನೋಡೋಣ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಅಂಥ ಮನೆಯಲ್ಲಿ “ನಿನ್ನಿಂದಾಗದು” ಎಂಬ ಮಾತಿಗೆ ಎಡೆಯೆಲ್ಲಿ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾಕ್ವೆಲಿನ್ ಎಕ್ಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಪರಿಶೀಲಿಸಿದರು. ಮಗ ಗಣಿತದಲ್ಲಿ ಗೆದ್ದರೆ ಹೆತ್ತವರು ಅದನ್ನು ಬುದ್ಧಿಯ ಫಲವೆನ್ನುತ್ತಾರೆ. ಮಗಳು ಗೆದ್ದರೆ ಪರಿಶ್ರಮದ ಫಲವೆನ್ನುತ್ತಾರೆ. ಮಗು ಅಂಕಗಳಿಗಿಂತ ಈ ಮಾತನ್ನೇ ಹೆಚ್ಚು ನಂಬುತ್ತದೆ.

ಇದನ್ನೋದಿದಾಗ ನನಗೆ ಬನಶಂಕರಿಯ ನಮ್ಮ ಮನೆಯೇ ನೆನಪಾಯಿತು. ನಮ್ಮ ತಂದೆತಾಯಿಗಳು ಓದಿದವರಲ್ಲ. ಏಳನೆಯ ತರಗತಿಯ ಲೆಕ್ಕದಲ್ಲಿ ಅಣ್ಣನಿಗೆ ಬಂದಷ್ಟೇ ಅಂಕ ಮರುವರ್ಷ ನನಗೂ ಬಂದಿತು. ಅವನಿಗೆ ದೊರೆತದ್ದು “ಹುಡುಗ ಬಲು ಚುರುಕು”, ನನಗೆ ದೊರೆತದ್ದು “ಪಾಪ, ಹಗಲೂ ರಾತ್ರಿ ಕಷ್ಟಪಟ್ಟಳು.” ಎರಡೂ ಪ್ರೀತಿಯ ಮಾತುಗಳೇ. ಆದರೆ ಮುಂದೆ ಕಠಿಣವಾದ ಲೆಕ್ಕ ಎದುರಾದಾಗ ಅಣ್ಣ “ಇನ್ನೊಮ್ಮೆ ನೋಡೋಣ” ಎಂದ. ನಾನು “ನನ್ನ ಶಕ್ತಿ ಇಷ್ಟೇ” ಎಂದು ಪುಸ್ತಕ ಮುಚ್ಚಿದೆ. ಕಲಾ ವಿಭಾಗಕ್ಕೆ ಸೇರಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅದನ್ನು ಆರಿಸಿದ್ದು ನಾನೋ ಆ ಮಾತೋ ಎಂಬುದು ಇಂದಿಗೂ ತಿಳಿಯದು.

ಸೋಜಿಗವೆಂದರೆ, “ಲೆಕ್ಕ ನಮ್ಮಂಥವರಿಗಲ್ಲ” ಎನ್ನುವ ನಮ್ಮ ತಾಯಿ ಹೂ ಮಾರುವವರು. ಮೊಳಕ್ಕೆ ಇಂತಿಷ್ಟೆಂದರೆ ಏಳೂವರೆ ಮೊಳದ ಬೆಲೆ ಕಟ್ಟಿ, ಐನೂರರ ನೋಟಿಗೆ ಚಿಲ್ಲರೆ ಎಣಿಸಿಕೊಡುವುದರಲ್ಲಿ ಅವರು ತಡವರಿಸಿದ್ದನ್ನು ನಾನು ಕಂಡಿಲ್ಲ. ಅದೂ ಲೆಕ್ಕವೇ ಎಂದು ಅವರಿಗೆ ಯಾರೂ ಹೇಳಲಿಲ್ಲ!

ಮೊನ್ನೆ ತಂಗಿ ಅಂಕಪಟ್ಟಿ ತಂದಾಗ ತಾಯಿ ವಾಡಿಕೆಯಂತೆ “ಪಾಪ” ಎಂದರು. “ಪಾಪ ಅನ್ನಬೇಡಮ್ಮ. ಚುರುಕು ಅನ್ನು. ನಿನ್ನ ತಲೆಯೇ ಅವಳಿಗೂ ಬಂದಿದೆ” ಎಂದೆ. ತಾಯಿ ನಕ್ಕರು, ತಂಗಿ ನಗಲಿಲ್ಲ, ಅಂಕಪಟ್ಟಿಯನ್ನು ಮತ್ತೊಮ್ಮೆ ನೋಡಿಕೊಂಡಳು.

ನಾಳೆ ನಮ್ಮಲ್ಲಿ ಅನೇಕರು ಉಪಾಧ್ಯಾಯರಾಗುವೆವು, ತಂದೆತಾಯಿಗಳಾಗುವೆವು. ಆ ಗಳಿಗೆಯಲ್ಲಿ ಆಡುವ ಮಾತನ್ನು ತೂಗಿ ಆಡುವುದು ನಮ್ಮ ಕರ್ತವ್ಯ.